ಕಿಡಿ, ಹಣತೆ, ಪಂಜು

ಮರಳುಗಡಿಯಾರದ ಗಾಜಿನೊಳಗೆ ಮರಳು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಪುಷ್ಪಲತಾ ಕಣ್ಣು ಮುಚ್ಚಿ, ಅಂಗೈಗಳನ್ನು ಮೇಜಿನ ಮೇಲೆ ಊರಿ, ಪಂಜಿನ ಮಂತ್ರದ ಕೊನೆಯ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮರಳಿನ ಕೊನೆಯ ಕಣ ಉದುರುವುದಕ್ಕೂ ಅವಳು ಬಾಯಿ ಮುಚ್ಚುವುದಕ್ಕೂ ಸರಿಹೋಯಿತು. ಹನುಮೇಶ್ ಮೇಜು ಬಡಿದು ಕೂಗಿದ. ಮಂಡಕ್ಕಿಯ ತಟ್ಟೆ ಅಲುಗಿ ನಾಲ್ಕು ಕಾಳು ನಕ್ಷೆಯ ಮೇಲೆ ಬಿದ್ದವು.

"ನೋಡು ನೇತ್ರಾ, ನೋಡು! ಮೈ ಜುಮ್ ಅಂತೈತೆ. ಹುಬ್ಬಳ್ಳಿಯೋರು ಇದನ್ನ ನೋಡಿದ್ರೆ ಬಿಡಂಗಿಲ್ಲ," ಅಂದ.

ನೇತ್ರಾವತಿಗೆ ಹೆಮ್ಮೆಯಾಯಿತು. ಆಟ ಅವಳದು. ಹರಿಹರದ ಒಂದು ಕಾರ್ಖಾನೆಯಲ್ಲಿ ದಿನವಿಡೀ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಅವಳು, ಸಂಜೆ ದಾವಣಗೆರೆಯ ನಿಟ್ಟುವಳ್ಳಿಯ ಮನೆಗೆ ಬಂದು, ಇಲ್ಲದ ಊರುಗಳ ನಕ್ಷೆ ಬರೆಯುತ್ತಿದ್ದಳು. ಭಾನುವಾರ ಮಧ್ಯಾಹ್ನ ಗೆಳೆಯರು ಅವಳ ಮನೆಯ ಮುಂದಿನ ಕೋಣೆಗೆ ಬಂದು ಆ ಊರುಗಳನ್ನು ಹೊಗುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಪಾತ್ರ. ಕಥೆ ನಡೆಸುವವಳು ನೇತ್ರಾವತಿ. ಗೆಲುವು ಸೋಲು ದಾಳದ ಕೈಯಲ್ಲಿ. ಆದರೆ ಮಂತ್ರ ಮಾತ್ರ ದಾಳಕ್ಕೆ ಸೇರಿದ್ದಲ್ಲ. ಬೇರೆ ಆಟಗಳಲ್ಲಿ ಮಂತ್ರವಾದಿ ಬರೀ ದಾಳ ಉರುಳಿಸಿ ಬೆಂಕಿ ಎಬ್ಬಿಸುವುದು ಅವಳಿಗೆ ಸಪ್ಪೆ ಅನ್ನಿಸಿತ್ತು. ಹಾಗಾಗಿ ಐದು ಮೆಟ್ಟಿಲು ಕಟ್ಟಿದ್ದಳು: ಕಿಡಿ, ಹಣತೆ, ಪಂಜು, ಕೊಂಡ, ಸಿಡಿಲು. ಕಿಡಿಗೆ ಒಂದು ಸಾಲು, ಹಣತೆಗೆ ಎರಡು, ಹೀಗೆ ಏರುತ್ತ ಹೋಗಿ ಸಿಡಿಲಿಗೆ ಎಂಟು ಸಾಲು. ಎಲ್ಲವನ್ನೂ ಅವಳೇ ಪ್ರಾಸ ಹೊಂದಿಸಿ ಬರೆದಿದ್ದಳು. ಮರಳು ಇಳಿದು ಮುಗಿಯುವುದರೊಳಗೆ, ಎಲ್ಲೂ ಎಡವದೆ, ಆಟಗಾರ ಅವನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮಂತ್ರ ಫಲಿಸಿತು, ಮೇಲಿನ ಮೆಟ್ಟಿಲಿಗೆ ದಾರಿಯಾಯಿತು. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಇಂಥ ಆಟಗಾರರ ಮೇಳವಿತ್ತು. ಅಲ್ಲಿನವರು ಇವಳ ಆಟಕ್ಕೆ ಒಂದು ಮೇಜು ಕೊಟ್ಟಿದ್ದೇ ಈ ಮರಳಿನ ನಿಯಮ ಮೆಚ್ಚಿ.

"ತಿಪ್ಪೇಶ್, ಈಗ ನಿಂದು," ಅಂದಳು.

ತಿಪ್ಪೇಶ್ ಹರಿಹರದ ಒಂದು ಎಕ್ಸ್-ರೇ ಕೇಂದ್ರದಲ್ಲಿ ಕೆಲಸಕ್ಕಿದ್ದ. ನೇತ್ರಾವತಿಯ ಓಣಿಯಲ್ಲೇ ಬೆಳೆದವನು. ಆಟ ಶುರುವಾದಂದಿನಿಂದ ಒಂದು ಭಾನುವಾರವೂ ತಪ್ಪಿಸಿದವನಲ್ಲ. ಅವನ ಪಾತ್ರ ಮಾರ ಎಂಬ ಮಂತ್ರವಾದಿ. ಹಣತೆಗೆ ಏರುವ ಅರ್ಹತೆ ಮಾರನಿಗೆ ಯಾವಾಗಲೋ ಬಂದಿದ್ದರೂ ಅವನು ಇನ್ನೂ ಕಿಡಿಯಲ್ಲೇ ಇದ್ದ.

"ನಾನು ಕತ್ತಿ ತಗೀತೀನಿ" ಎನ್ನುವ ಬದಲು ತಿಪ್ಪೇಶ್ ಗಾಳಿಯಲ್ಲಿ ಕತ್ತಿ ಬೀಸಿ ತೋರಿಸಿದ.

"ಏನ್ಲೇ ತಿಪ್ಪ, ಮಂತ್ರವಾದಿ ಆಗಿ ಯಾವಾಗ್ಲೂ ಕತ್ತಿ ಹಿಡ್ಕಂಡೇ ಓಡಾಡ್ತೀಯಲ್ಲ," ಎಂದು ಹನುಮೇಶ್ ನಕ್ಕ. ತಿಪ್ಪೇಶನೂ ನಕ್ಕ.

ನೇತ್ರಾವತಿಗೆ ಅಂದು ಒಂದು ಹುಕಿ. ಮೇಳಕ್ಕೆ ಮೊದಲು ಎಲ್ಲ ಮೆಟ್ಟಿಲನ್ನೂ ಪರೀಕ್ಷಿಸಿ ನೋಡಬೇಕಿತ್ತು. "ಕತ್ತಿ ನಡೆಯಲ್ಲ," ಅಂದಳು. "ಎದುರಿಗೆ ಕಲ್ಲಿನ ಕದ ಐತೆ. ಹಿಂದಿನಿಂದ ನೀರು ಏರ್ತೈತೆ. ಹಣತೆಯ ಮಂತ್ರ ಒಂದೇ ದಾರಿ. ನೀನು ಹೇಳಲಿಲ್ಲ ಅಂದ್ರೆ ಮೂರೂ ಜನ ಮುಳುಗ್ತೀರಿ."

ತಿಪ್ಪೇಶ್ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ತಾನೇ ಕೈ ಚಾಚಿ ಗಾಜನ್ನು ತಿರುವಿ ಇಟ್ಟ.

ಕತ್ತಲ ಕಣಜದ ಕದ ತೆರೆದು, ಕಿರುಬೆರಳಲಿ ಬೆಳಕನು ತಾ. ಹಣತೆಯ ಮಂತ್ರದಲ್ಲಿ ಇಷ್ಟೇ ಇದ್ದದ್ದು. ಸಾಲುಸಾಲಿಗೂ ಕಕಾರ ಬರುವಂತೆ ನೇತ್ರಾವತಿ ಎರಡು ಸಂಜೆ ಕೂತು ಬರೆದಿದ್ದಳು. ತಿಪ್ಪೇಶನ ಬಾಯಿ ತೆರೆಯಿತು. ಗಂಟಲಿನ ನರ ಉಬ್ಬಿತು. "ಕ" ಎಂಬಷ್ಟು ಬಂದು ಅಲ್ಲೇ ನಿಂತಿತು. ಮತ್ತೆ "ಕ". ಕಣ್ಣುಗಳು ಅವನಿಗೆ ಅರಿವಿಲ್ಲದೆ ಮುಚ್ಚಿಕೊಂಡವು, ಗದ್ದ ಒಂದು ಬದಿಗೆ ಎಳೆಯಿತು. ಮರಳು ತನ್ನ ಪಾಡಿಗೆ ಇಳಿಯಿತು. ಹನುಮೇಶ್ ಮಂಡಕ್ಕಿಯ ತಟ್ಟೆಯನ್ನು ನೋಡುತ್ತಿದ್ದ.

ನೇತ್ರಾವತಿ ಅಭ್ಯಾಸಬಲದಿಂದ ನಿಯಮದ ಹಾಳೆ ತಿರುವಿ ಓದಿದಳು. "ಎಡವಿದ ಮಂತ್ರ ಹೇಳಿದವನ ನಾಲಗೆಯನ್ನು ಸುಡುತ್ತದೆ. ಮೂರು ಸರದಿ ಅವನಿಗೆ..." ಮುಂದಿನದನ್ನು ಅವಳು ಓದಲಿಲ್ಲ. "ಮಾತಿಲ್ಲ" ಎಂದಿತ್ತು.

ತಿಪ್ಪೇಶ್ ನಗುತ್ತಲೇ ಎದ್ದ. ಎಲ್ಲರ ಚಾ ಲೋಟ ಒಟ್ಟುಮಾಡಿ ಒಳಗೆ ಒಯ್ದು ತೊಳೆದಿಟ್ಟ. ಚಪ್ಪಲಿ ಮೆಟ್ಟುವಾಗ "ಬರ್ತೀನಿ" ಎಂದದ್ದು ಸಲೀಸಾಗಿಯೇ ಬಂತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಡ್ಯೂಟಿ ಐತೆ ಅಂತ ಮೆಸೇಜು ಕಳಿಸಿದ. ಅದರ ಮುಂದಿನ ಭಾನುವಾರವೂ ಡ್ಯೂಟಿ. "ತಿಪ್ಪೇಶಿ ಯಾಕ ಬರ್ಲಿಲ್ಲ? ಜಗಳ ಆಡಿದ್ರೇನು?" ಎಂದು ನೇತ್ರಾವತಿಯ ತಾಯಿ ಉಚ್ಚೆಂಗೆಮ್ಮ ಕೇಳಿದಳು. ಇಲ್ಲವೆಂದು ಮಗಳು ತಲೆಯಾಡಿಸಿದಳು. ಜಗಳವಾಗಿದ್ದರೆ ವಾಸಿಯಿತ್ತು.

ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಅವನು ಉಗ್ಗುತ್ತಾನೆ ಎಂಬುದು ಅವಳಿಗೆ ಒಂದನೇ ಕ್ಲಾಸಿನಿಂದ ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದಳು. ಸಿಕ್ಕಿಕೊಳ್ಳುವ ಮಾತು ಬರುತ್ತದೆ ಎಂದಾಗ ಅವನು ಬೇರೆ ಮಾತು ಹಿಡಿದು ದಾಟುತ್ತಿದ್ದ, ಇಲ್ಲವೇ ಕೈಸನ್ನೆ ಮಾಡುತ್ತಿದ್ದ. ಅದು ಎಷ್ಟು ನಯವಾಗಿ ನಡೆಯುತ್ತಿತ್ತೆಂದರೆ ಗೆಳೆಯರಿಗೆ ಅವನ ಉಗ್ಗು ಕೇಳಿಸುವುದೇ ನಿಂತಿತ್ತು. ಮರಳಿನ ನಿಯಮವನ್ನು ಅವಳು ಮೊದಲ ಸಲ ಓದಿ ಹೇಳಿದಾಗ ಅವನು ಎದುರಿಗೇ ಕೂತಿದ್ದ. "ಚೆನ್ನಾಗೈತೆ" ಅಂದಿದ್ದ.

ಪುಷ್ಪಲತಾ ಒಂದು ಉಪಾಯ ಹೇಳಿದಳು. "ಅವನಿಗೊಬ್ಬನಿಗೆ ದಾಳ ಕೊಡು. ಹೇಳೋದು ಬ್ಯಾಡ, ಉರುಳಿಸಲಿ." ನೇತ್ರಾವತಿಗೆ ಅದು ಒಗ್ಗಲಿಲ್ಲ. ನಾಲ್ಕೈದು ದಿನ ತಲೆ ಕೆಡಿಸಿಕೊಂಡು, ಮೆಟ್ಟಿಲನ್ನೇ ತಲೆಕೆಳಗು ಮಾಡಿದಳು. ಕಿಡಿಗೆ ಎಂಟು ಸಾಲು. ಮೇಲೇರಿದಂತೆ ಮಾತು ಕಡಿಮೆ. ಸಿಡಿಲಿಗೆ ಮಾತೇ ಇಲ್ಲ, ಬರೀ ಮೌನ. ದೊಡ್ಡ ಮಂತ್ರವಾದಿ ಬಾಯಿ ತೆರೆಯುವುದೇ ಇಲ್ಲ. ಬರೆದು ಮುಗಿಸಿದಾಗ ಇಡೀ ಆಟಕ್ಕೆ ಹೊಸ ಕಳೆ ಬಂದಂತೆ ಅವಳಿಗೆ ಕಂಡಿತು.

ಮರುದಿನ ಊಟದ ಬಿಡುವಿನಲ್ಲಿ ಎಕ್ಸ್-ರೇ ಕೇಂದ್ರಕ್ಕೇ ಹೋದಳು. ಒಳಗೆ ಕದದ ಆಚೆಯಿಂದ ತಿಪ್ಪೇಶನ ದನಿ ಕೇಳುತ್ತಿತ್ತು: "ಉಸಿರು ಎಳ್ಕಳ್ರಿ... ಹಿಡೀರಿ... ಬಿಡ್ರಿ." ದಿನಾ ಹೇಳಿ ಹೇಳಿ ಸವೆದ ಆ ಮೂರು ಮಾತಿನಲ್ಲಿ ಒಂದು ತೊಡಕೂ ಇರಲಿಲ್ಲ. ಹೊರಗೆ ಬಂದವನು ಇವಳನ್ನು ನೋಡಿ ಹುಬ್ಬೇರಿಸಿದ. ಎದುರಿನ ಅಂಗಡಿಯ ಬೆಂಚಿನ ಮೇಲೆ ಕೂತರು. ಅವನು ಎರಡು ಚಾ ಹೇಳಿದ. ತನ್ನ ಮನೆಯಲ್ಲಿ ಅವನು ಕುಡಿಯುವುದು ಕಾಫಿ, 'ಕ' ಸಿಕ್ಕಿಕೊಳ್ಳುತ್ತದೆಂದೇ ಹೊರಗೆ ಚಾ ಅನ್ನುತ್ತಾನೆ ಎಂಬುದು ಅವಳಿಗೆ ಆಗ ಹೊಳೆಯಿತು.

ಹೊಸ ಮೆಟ್ಟಿಲುಗಳನ್ನು ಅವಳು ಒಂದೇ ಉತ್ಸಾಹದಲ್ಲಿ ವಿವರಿಸಿದಳು. ಅವನು ಪೂರ್ತಿ ಕೇಳಿದ.

"ಹಂಗಂದ್ರೆ ನಾನು ಬಾಯಿ ಮುಚ್ಕಂಡು ಗೆಲ್ಲಬೇಕು," ಅಂದ.

"ಹಂಗಲ್ಲ ತಿಪ್ಪೇಶ್..."

"ಬಾಯಿ ಮುಚ್ಚೋದು ನಾನು ದಿನಾ ಮಾಡ್ತೀನಿ ನೇತ್ರಾ. ಅದನ್ನ ಆ... ಆ... ಆಟದಾಗೂ ಯಾಕ ಮಾಡ್ಲಿ?" ಲೋಟವನ್ನು ಬೆಂಚಿನ ಮೇಲಿಟ್ಟ. "ನೀನು ಬರೆದಿದ್ದು ನನಗೆ ಪೂರ್ತಿ ಬರ್ತೈತೆ. ಸಿಡಿಲಿಂದು ಎಂಟೂ ಸಾಲು. ಗಾಡಿ ಓಡಿಸ್ತಾ ಹೇಳ್ಕಂತೀನಿ. ಹೆಲ್ಮೆಟ್ ಒಳಗೆ ಎಲ್ಲೂ ತಡೆಯಲ್ಲ. ನಿಮ್ಮ ಎದುರಿಗೆ ಒಂದ್ಸಲ ಹೇಳ್ಬೇಕು ಅಂತ ಆಸೆ ಐತೆ. ಅಷ್ಟಕ್ಕೇ ನಾನು ಬರ್ತಿದ್ದಿದ್ದು."

ಇಷ್ಟು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅವನು ತಡೆದಲ್ಲೆಲ್ಲ ಮುಂದಿನ ಮಾತು ಅವಳ ನಾಲಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಎರಡು ಸಲ ಅವಳೇ ಹೇಳಿ ಮುಗಿಸಿಬಿಟ್ಟಳು. ಮೂರನೆಯ ಸಲ ಅವನು ಕೈ ಎತ್ತಿ ತಡೆದ.

"ಮರಳು ತೆಗಿ," ಅಂದ. "ಉಳಿದಿದ್ದು ಹಂಗೇ ಇರ್ಲಿ."

"ಮರಳು ತೆಗೆದ್ರೆ ಕಷ್ಟ ಏನು ಉಳೀತು? ಎಲ್ಲಾರೂ ಆರಾಮಾಗಿ ಓದಿ ಮೊದಲನೇ ದಿನಾನೇ ಸಿಡಿಲು ಆಗ್ತಾರೆ. ಮೆಟ್ಟಿಲಿಗೆ ಅರ್ಥನೇ ಇರಲ್ಲ."

"ಅದು ನಿನ್ನ ಕೆಲಸ," ಎಂದು ತಿಪ್ಪೇಶ್ ಎದ್ದ. ಒಳಗೆ ಕೈಮುರಿದ ಮುದುಕನೊಬ್ಬ ಕಾಯುತ್ತಿದ್ದ.

ಸಂಜೆ ಕೆಲಸ ಮುಗಿಸಿ ಬಸ್ಸಿನಲ್ಲಿ ದಾವಣಗೆರೆಗೆ ಮರಳುವಾಗ ಅವಳಿಗೆ ಸಿಟ್ಟು ಬಂದಿತ್ತು. ಅವನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ. ಮನೆಗೆ ಬಂದ ಮೇಲೂ ಬೆಂಚಿನ ಮೇಲಿನ ಆ ಹೊತ್ತೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು. ಮಾತಾಡಲು ಅವನಿಗೆಷ್ಟು ಕಷ್ಟವಾಗಿತ್ತೋ, ಸುಮ್ಮನಿರಲು ಅವಳಿಗೂ ಅಷ್ಟೇ ಕಷ್ಟವಾಗಿತ್ತು. ಆ ವಾರ ಅವಳು ಎರಡು ಮೂರು ಕರಡು ಹರಿದು ಹಾಕಿದಳು. ಕೊನೆಗೆ ಉಳಿದದ್ದು ಇದು: ಮಂತ್ರಕ್ಕೆ ಹೊತ್ತಿನ ಮಿತಿ ಇಲ್ಲ, ಎಡವಿದರೆ ಮತ್ತೆ ಹೇಳಬಹುದು. ಆದರೆ ಒಂದು ಸಾಲು ಮುಗಿಯಿತೆಂದರೆ ಶತ್ರುವಿನದು ಒಂದು ಏಟು. ಆ ಏಟನ್ನು ಮಂತ್ರವಾದಿಯಲ್ಲ, ಜೊತೆಗಾರರು ತಮ್ಮ ಮೈಮೇಲೆ ತೆಗೆದುಕೊಳ್ಳಬೇಕು. ಸಾಲು ಹೇಳಲು ಎಷ್ಟು ಹೊತ್ತಾದರೂ ಏಟು ಒಂದೇ. ಹಣತೆಗೆ ಎರಡು ಏಟು, ಸಿಡಿಲಿಗೆ ಎಂಟು. ಅಷ್ಟೂ ಏಟಿಗೆ ಮೈಯೊಡ್ಡಲು ಜೊತೆಗಾರರು ಒಪ್ಪಿದರೆ ಯಾರು ಬೇಕಾದರೂ ಸಿಡಿಲನ್ನು ಕರೆಯಬಹುದು. ನಿಯಮದ ಕೊನೆಗೆ ಬರೆದಳು: ಮಂತ್ರ ಮುಗಿಯುವ ತನಕ ಉಳಿದವರು ಕಾಯಬೇಕು. ಬರೆದ ಮೇಲೆ "ಕಾಯಬೇಕು" ಎಂಬುದರ ಎರಡೂ ಅರ್ಥ ಹೊಳೆದು, ಅದರ ಕೆಳಗೆ ಗೆರೆ ಎಳೆದಳು.

ಹನುಮೇಶನಿಗೆ ಇದು ಹಿಡಿಸಲಿಲ್ಲ. "ಒಬ್ಬನಿಗೋಸ್ಕರ ಇಡೀ ಆಟ ಹಾಳು ಮಾಡ್ತೀಯಾ? ನಿಧಾನ ಆಗ್ತೈತೆ. ಹುಬ್ಬಳ್ಳಿಯೋರಿಗೆ ಏನಂತ ಹೇಳ್ತೀಯಾ?"

ಹುಬ್ಬಳ್ಳಿಯವರಿಗೆ ಅವಳು ಇದ್ದದ್ದನ್ನು ಇದ್ದಂತೆ ಬರೆದಳು. ಎರಡು ದಿನ ಬಿಟ್ಟು ಉತ್ತರ ಬಂತು: ಆಟ ಇಷ್ಟು ಹೊತ್ತು ಹಿಡಿದರೆ ಮೇಜು ಕೊಡುವುದು ಕಷ್ಟ, ಮರಳಿನ ನಿಯಮವಿದ್ದರೆ ಮಾತ್ರ ಬನ್ನಿ. ಅದನ್ನು ಓದಿದ ದಿನ ಅವಳಿಗೆ ಊಟ ಸೇರಲಿಲ್ಲ. ವರ್ಷದಿಂದ ಇಟ್ಟುಕೊಂಡಿದ್ದ ಆಸೆ. ಮರುದಿನ ಕಾರ್ಖಾನೆಗೆ ಹೊರಡುವ ಮೊದಲು "ಹಾಗಾದರೆ ಈ ಸಲ ಬೇಡ" ಎಂದು ಬರೆದು ಕಳಿಸಿದಳು. ಹೊಸ ನಿಯಮವನ್ನು ತಿಪ್ಪೇಶನಿಗೂ ಕಳಿಸಿದಳು. ಮೇಳದ ಸುದ್ದಿ ಅವನಿಗೆ ಹೇಳಲಿಲ್ಲ, ಹನುಮೇಶ್ ಹೇಳಿದ.

ಭಾನುವಾರ ತಿಪ್ಪೇಶ್ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಉಚ್ಚೆಂಗೆಮ್ಮ ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಆಟ ಶುರುವಾಗಿ, ಹೊಳೆಯ ಸೇತುವೆಯ ಎರಡೂ ತುದಿಯಲ್ಲಿ ಶತ್ರುಗಳು ಸುತ್ತುವರಿದಾಗ ಅವನು ಹನುಮೇಶನ ಕಡೆ ತಿರುಗಿದ.

"ಸಿ... ಸಿಡಿಲು ಹೇಳ್ತೀನಿ. ತಡಕಂತೀರಾ?"

ಹನುಮೇಶ್ ತನ್ನ ಪಾತ್ರದಲ್ಲಿ ಉಳಿದ ಜೀವ ಎಷ್ಟೆಂದು ನೋಡಿಕೊಂಡ. ಪುಷ್ಪಲತಾಳದ್ದೂ ನೋಡಿದ. "ಎಂಟು ಏಟು ತಿಂದ್ರೆ ನಾನು ಉಳಿಯಲ್ಲಲೇ," ಎಂದು ಗೊಣಗಿದ. ಆಮೇಲೆ, "ಹೇಳು," ಅಂದ.

ತಿಪ್ಪೇಶ್ ಶುರುಮಾಡಿದ. ಮೊದಲ ಸಾಲಿಗೇ ಗಂಟಲು ಹಿಡಿಯಿತು. ಬಿಟ್ಟು, ಮತ್ತೆ ಹಿಡಿದು, ಮುಗಿಸಿದ. ನೇತ್ರಾವತಿ ಏಟು ಹಾಕಿದಳು, ಪುಷ್ಪಲತಾ ತೆಗೆದುಕೊಂಡಳು. ಎರಡನೆಯದು ನೀರಿನಂತೆ ಹರಿಯಿತು. ಮೂರನೆಯದರಲ್ಲಿ ಒಂದೇ ಅಕ್ಷರಕ್ಕೆ ಅವನು ಎಷ್ಟೋ ಸಲ ಬಡಿದ. ನೇತ್ರಾವತಿ ಆ ಸಾಲನ್ನು ತಾನೇ ಬರೆದಿದ್ದರೂ ಮುಂದಿನದೇನೆಂದು ಗೊತ್ತಿಲ್ಲದವಳ ಹಾಗೆ ಕೇಳುತ್ತ ಕೂತಳು. ಬಜ್ಜಿ ಆರಿತು. ಆರನೆಯ ಸಾಲಿನ ಹೊತ್ತಿಗೆ ಪುಷ್ಪಲತಾಳ ಪಾತ್ರ ನೆಲಕ್ಕೊರಗಿತ್ತು. ಉಳಿದ ಏಟೆಲ್ಲ ಹನುಮೇಶನ ಪಾಲಿಗೆ.

ಏಳನೆಯ ಸಾಲಿನ ನಡುವೆ ಮಾತು ಮತ್ತೆ ನಿಂತಿತು. ಅದೇ ಹೊತ್ತಿಗೆ ಓಣಿಯಲ್ಲಿ ಹಾರ್ನ್ ಮೊಳಗಿತು. ಹನುಮೇಶ್ ಕಾರನ್ನು ಅಡ್ಡ ನಿಲ್ಲಿಸಿದ್ದ. ಅದರ ಹಿಂದೆ ಆಟೊವೊಂದು ಸಿಕ್ಕಿಕೊಂಡಿತ್ತು. "ಯಾರ್ರೀ ಗಾಡಿ, ತೆಗೀರಿ!" ಎಂದು ಆಟೊದವನು ಕೂಗಿ, ಮತ್ತೆ ಹಾರ್ನ್ ಒತ್ತಿದ.

ಹನುಮೇಶ್ ಏಳಲಿಲ್ಲ. ತಿಪ್ಪೇಶನ ಮುಖದಿಂದ ಕಣ್ಣು ಕೀಳದೆ, ಪಕ್ಕದ ಕಿಟಕಿಯ ಸರಳುಗಳ ನಡುವೆ ಕೈ ಹೊರಹಾಕಿ, ಐದೂ ಬೆರಳ ತುದಿ ಕೂಡಿಸಿ, ಸ್ವಲ್ಪ ತಾಳು ಎಂಬಂತೆ ಹಿಡಿದ. ಹೊರಗೆ ಹಾರ್ನ್ ನಿಂತಿತು. ಕೈ ಹಾಗೆಯೇ ಬಿಸಿಲಿನಲ್ಲಿ ನಿಂತಿತ್ತು.