ಆರನೇ ಮಹಡಿಯ ಗ್ರಾಫಿಕ್ಸ್ ಕಾರ್ಡ್

ಕಂಪ್ಯೂಟರ್ ಜೋಡಿಸುವುದು ಲಿಫ್ಟ್ ರಿಪೇರಿಯಷ್ಟು ಕಷ್ಟವಲ್ಲ ಎಂದು ಯಾಸೆನ್ ಫೋನಿನಲ್ಲಿ ಹೇಳಿದ. ನಾನು ನಂಬಿದೆ. ಇಪ್ಪತ್ತೆರಡು ವರ್ಷದಿಂದ ಬಲ್ಗೇರಿಯಾದ ಈ ವಿದಿನ್ ಊರಿನ ಲಿಫ್ಟುಗಳ ಹೊಟ್ಟೆಯೊಳಗೆ ಕೈಹಾಕಿದವನು ನಾನು, ಒಗ್ನ್ಯಾನ್. ಒಂದು ತಗಡಿನ ಡಬ್ಬಿ ನನಗೆ ಯಾವ ಲೆಕ್ಕ?

ಶಾಲೆ ಮುಗಿಸಿದ ಹೊಸತರಲ್ಲಿ ನಾವು ಐದು ಜನ ಗೆಳೆಯರು ಅಂಚೆ ಕಚೇರಿಯ ಹಿಂದಿನ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಬಾಡಿಗೆ ಕಂಪ್ಯೂಟರುಗಳ ಮುಂದೆ ಕೂತು ಆಡುತ್ತಿದ್ದೆವು. ಕ್ಲಬ್ಬು ಮುಚ್ಚಿತು, ನಾಲ್ವರು ಊರು ಬಿಟ್ಟರು. ಯಾಸೆನ್ ಸ್ಪೇನಿನಲ್ಲಿ ಲಾರಿ ಓಡಿಸುತ್ತಾನೆ. ಲ್ಯುಬೆನ್ ಜರ್ಮನಿಯ ಒಂದು ಗೋದಾಮಿನಲ್ಲಿದ್ದಾನೆ. ಉಳಿದಿಬ್ಬರು ಇಂಗ್ಲೆಂಡಿನಲ್ಲಿ ಗೋಡೆಗಳಿಗೆ ಗಾರೆ ಬಳಿಯುತ್ತಾರೆ. ಆದರೂ ಶನಿವಾರ ಸಂಜೆ ಆರಕ್ಕೆ ನಾಲ್ವರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಟ್ಟಿಗೆ ಆಡುವುದನ್ನು ಬಿಟ್ಟಿರಲಿಲ್ಲ. ಆ ಆಟಕ್ಕೆ ಒಂದು ಪಂಗಡದಲ್ಲಿ ಐದು ಜನ ಬೇಕು. ನನ್ನ ಜಾಗದಲ್ಲಿ ಲ್ಯುಬೆನ್‌ನ ಗೋದಾಮಿನವನೊಬ್ಬ ಆಡುತ್ತಿದ್ದ. ಅವನಿಗೆ ಅವಳಿ ಮಕ್ಕಳಾದವು, ಆಟ ಕೈಬಿಟ್ಟ.

"ಲೋ ಒಗ್ನ್ಯಾನ್, ನಿನ್ನ ಜಾಗ ಖಾಲಿ ಇದೆ ಕಣೋ," ಎಂದ ಯಾಸೆನ್. "ಆದ್ರೆ ಈ ತಿಂಗಳ ಕೊನೇ ಶನಿವಾರದವರೆಗೆ ಅಷ್ಟೇ. ಆಮೇಲೆ ನನ್ ಜೊತೆ ಲಾರಿ ಓಡಿಸೋ ಪೋರ್ಚುಗಲ್‌ನವನು ಬರ್ತಾನೆ. ಅವನಿಗೆ ಆಗ್ಲೇ ಮಾತು ಕೊಟ್ಬಿಟ್ಟಿದೀನಿ."

ನನ್ನ ಹತ್ತಿರ ಕಂಪ್ಯೂಟರೇ ಇರಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಷ್ಟು ವರ್ಷ ಪುರುಸೊತ್ತಿರಲಿಲ್ಲ. ಅಮ್ಮ ಹೋದ ಮೇಲೆ ಪುರುಸೊತ್ತೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ಕೆಲಸದಿಂದ ಬಂದು ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಎದುರಿನ ಕಟ್ಟಡ ನೋಡುತ್ತಾ ಊಟ ಮಾಡುತ್ತಿದ್ದೆ. ನಲವತ್ತು ಮನೆಗಳಲ್ಲಿ ಏಳೆಂಟು ಕಡೆ ದೀಪ. ನನ್ನ ಧ್ವನಿ ನಾನೇ ಕೇಳಿ ಎಷ್ಟು ದಿನವಾಯಿತು ಎಂದು ಕೆಲವು ಸಲ ಯೋಚಿಸುತ್ತಿದ್ದೆ. ಹಾಗಾಗಿ ಹಲ್ಲು ಕಟ್ಟಿಸಲು ಎತ್ತಿಟ್ಟಿದ್ದ ಸಾವಿರದ ನೂರು ಲೆವಾ ಹೊರತೆಗೆದೆ. ಇನ್ನೊಂದು ವರ್ಷ ಎಡಗಡೆಯಿಂದ ಅಗಿದರಾಯಿತು.

ನಾಲ್ವರು ಗೆಳೆಯರು, ಐದು ಅಭಿಪ್ರಾಯ. ಲ್ಯುಬೆನ್ ಪ್ರೊಸೆಸರ್ ದೊಡ್ಡದಿರಲಿ ಎಂದ. ಯಾಸೆನ್ ಪ್ರೊಸೆಸರಿಗೆ ದುಡ್ಡು ಸುರಿಯುವವನು ಮೂರ್ಖ, ಇರುವುದರಲ್ಲಿ ಅರ್ಧ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು ಎಂದ. ಇಂಗ್ಲೆಂಡಿನ ಗಾರೆಯವರು ಬಣ್ಣದ ದೀಪಗಳಿರುವ ಡಬ್ಬಿ ತೋರಿಸಿದರು. ನಾನು ಅವರಿಗೆ ಬೈದೆ. ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ಪವರ್ ಸಪ್ಲೈ ಹೊಸದೇ ಇರಬೇಕು. ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಅಗ್ಗದ ಕರೆಂಟಿನ ಡಬ್ಬಿ ಏನು ಮಾಡುತ್ತದೆ ಎಂದು ಲಿಫ್ಟಿನವನಿಗೆ ಗೊತ್ತು.

ಪ್ರೊಸೆಸರ್ ಆರಿಸುವಾಗ ಅರವತ್ತು ಲೆವಾ ಉಳಿಯುವ ದಾರಿಯೊಂದನ್ನು ಯಾಸೆನ್ ತೋರಿಸಿದ. "ಅದೇ ಚಿಪ್ಪು, ಅಷ್ಟೇ ವೇಗ. ಆದ್ರೆ ಅದು ತಾನಾಗಿ ಚಿತ್ರ ತೋರಿಸಲ್ಲ. ಚಿತ್ರ ಬರೋದು ಗ್ರಾಫಿಕ್ಸ್ ಕಾರ್ಡಿಂದ ಮಾತ್ರ. ಗೊತ್ತಾಯ್ತಾ?"

"ಗೊತ್ತಾಯ್ತು ಬಿಡೋ," ಎಂದೆ. ಆಗ ನಾನು ಮನಸ್ಸಿನಲ್ಲಿ ಆ ಅರವತ್ತನ್ನು ಕಾರ್ಡಿನ ಕಡೆಗೆ ಸೇರಿಸಿಕೊಳ್ಳುತ್ತಿದ್ದೆ. ಅವನ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಸಾಮಾನುಗಳು ಒಂದೊಂದಾಗಿ ನಮ್ಮ ಬೀದಿಯ ಕೊರಿಯರ್ ಆಫೀಸಿಗೆ ಬಂದವು. ನಮ್ಮಲ್ಲಿ ಹಳೆಯ ಸಾಮಾನು ಕೊಳ್ಳುವುದು ಹೀಗೆಯೇ. ಕೌಂಟರಿನ ಮೇಲೆ ಪಾರ್ಸೆಲ್ ಬಿಚ್ಚಿ, ನೋಡಿ, ನಡೆಸಿ ನೋಡಿ, ಸರಿಯಿದ್ದರೆ ದುಡ್ಡು, ಇಲ್ಲದಿದ್ದರೆ ವಾಪಸ್. ಮಾರುವವನ ಮುಖ ನೋಡಬೇಕಾಗಿಲ್ಲ, ಅವನನ್ನು ನಂಬಬೇಕಾಗಿಯೂ ಇಲ್ಲ. ಪಕ್ಕದ ಬೀದಿಯವರಿಗೆ ಮಾರಿದರೂ ಜನ ಕೊರಿಯರಿನಲ್ಲೇ ಕಳಿಸುತ್ತಾರೆ. ಆಫೀಸಿನ ಸ್ಪಾಸ್ಕಾ ಅಕ್ಕ ಆ ಕೌಂಟರಿನ ಮುಂದೆ ಮದುವೆಯ ಗೌನು ತೊಟ್ಟು ನೋಡಿದವರನ್ನೂ ಕಂಡಿದ್ದಾಳೆ, ಗರಗಸ ಓಡಿಸಿದವರನ್ನೂ ಕಂಡಿದ್ದಾಳೆ.

ಉಳಿದದ್ದು ಗ್ರಾಫಿಕ್ಸ್ ಕಾರ್ಡ್ ಒಂದೇ. ಕೈಗೆಟುಕುವ ಬೆಲೆಗೆ ಇಡೀ ದೇಶದಲ್ಲಿ ಒಂದೇ ಒಂದು ಸಿಕ್ಕಿತು. ಮಾರುವವರ ಹೆಸರಿನ ಜಾಗದಲ್ಲಿ ನಾಲ್ಕು ಅಕ್ಷರ, ಎರಡು ಅಂಕಿ. ಕೊನೆಯ ಶನಿವಾರಕ್ಕೆ ಒಂದು ದಿನ ಮುಂಚೆ ಅದು ಬಂತು. ಕಾರ್ಡನ್ನು ಸುಮ್ಮನೆ ನೋಡಿದರೆ ಏನೂ ತಿಳಿಯುವುದಿಲ್ಲ, ಅದನ್ನು ನಡೆಸಿ ನೋಡಲು ಇಡೀ ಕಂಪ್ಯೂಟರೇ ಬೇಕು. ಹಾಗಾಗಿ ಡಬ್ಬಿ, ಮಾನಿಟರ್, ಕೀಬೋರ್ಡ್, ವೈರು ಎಲ್ಲವನ್ನೂ ಮೋಟಾರ್ ಸಾಗಿಸುವ ಕೈಗಾಡಿಗೆ ಕಟ್ಟಿಕೊಂಡು, ಮಂಜಿನಲ್ಲಿ ತಳ್ಳಿಕೊಂಡು ಹೋದೆ.

"ಅಯ್ಯೋ ದೇವರೇ, ಮನೆ ಖಾಲಿ ಮಾಡ್ತಿದೀಯೇನಪ್ಪಾ?" ಎಂದಳು ಸ್ಪಾಸ್ಕಾ ಅಕ್ಕ.

"ಒಂದು ಪ್ಲಗ್ ಕೊಡು ಅಕ್ಕ, ಹತ್ತೇ ನಿಮಿಷ."

ಕಾರ್ಡ್ ಕೂರಿಸಿದೆ, ಕರೆಂಟು ಕೊಟ್ಟೆ, ಮಾನಿಟರಿನ ವೈರನ್ನು ಡಬ್ಬಿಯ ಹಿಂದೆ ಸಿಕ್ಕಿಸಿದೆ. ಗುಂಡಿ ಒತ್ತಿದಾಗ ಫ್ಯಾನುಗಳೆಲ್ಲ ತಿರುಗಿದವು. ಸಾಲಿನಲ್ಲಿದ್ದ ಇಬ್ಬರು ಮುದುಕರು ಮುಂದೆ ಬಾಗಿದರು. ಪರದೆ ಕಪ್ಪಾಗಿಯೇ ಇತ್ತು. ಆರಿಸಿ ಹಾಕಿದೆ. ಕಾರ್ಡ್ ಕಿತ್ತು ಮತ್ತೆ ಕೂರಿಸಿದೆ. ಮೂರನೇ ಸಲವೂ ಕಪ್ಪೇ.

"ಸತ್ತಿದೆ ಬಿಡು," ಎಂದ ಒಬ್ಬ ಮುದುಕ, ಹೆಣ ನೋಡಲು ಬಂದವನ ಹಾಗೆ.

ನನಗೆ ರೇಗಿತು. ವಾಪಸ್ ಕಳಿಸಿ ಎಂದು ರುಜು ಹಾಕಿದೆ. ಅಲ್ಲೇ ನಿಂತು ಮಾರಿದವನಿಗೆ ಸಂದೇಶ ಬರೆದೆ: "ಸತ್ತ ಮಾಲು ಕಳಿಸಿ ಬಡವರ ತಲೆ ಒಡೆಯೋ ಕಳ್ಳ ನೀನು. ನಾಚಿಕೆ ಆಗಲ್ವಾ?" ಉತ್ತರ ಬರಲಿಲ್ಲ.

ಸಂಜೆ ಯಾಸೆನ್‌ಗೆ ಫೋನ್ ಮಾಡಿ ಜಾಗ ಪೋರ್ಚುಗಲ್‌ನವನಿಗೇ ಕೊಡು ಎಂದೆ. ಅವನು ಎಲ್ಲ ಕೇಳಿಸಿಕೊಂಡ.

"ವೈರು ಎಲ್ಲಿಗೆ ಹಾಕಿದ್ದೆ?"

"ಹಿಂದುಗಡೆ. ಇನ್ನೆಲ್ಲಿಗೆ ಹಾಕ್ತಾರೆ?"

"ಹಿಂದುಗಡೆ ಎಲ್ಲಿ? ಮೇಲಿನ ತೂತಿಗೋ, ಕೆಳಗೆ ಕಾರ್ಡಿನ ತೂತಿಗೋ?"

ನಾನು ಡಬ್ಬಿಯ ಹಿಂಬದಿಯನ್ನು ನನ್ನ ಕಡೆಗೆ ತಿರುಗಿಸಿ ನೋಡಿದೆ.

"ಲೋ ಕತ್ತೆ," ಎಂದ ಯಾಸೆನ್ ಮೆಲ್ಲಗೆ. "ಆ ಪ್ರೊಸೆಸರ್ ಚಿತ್ರ ತೋರಿಸಲ್ಲ ಅಂದಿರ್ಲಿಲ್ವಾ ನಾನು?"

ಮೇಲಿನದಕ್ಕೆ ಹಾಕಿದ್ದೆ. ಲಿಫ್ಟ್ ಮೋಟಾರನ್ನು ಕಣ್ಣುಮುಚ್ಚಿ ಬಿಚ್ಚುವ ನಾನು, ಮೂರು ಸಲವೂ ಅದೇ ತಪ್ಪು ತೂತಿಗೆ ಹಾಕಿದ್ದೆ. ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆರು ಗಂಟೆಯ ಆ ಜಾಗ ತಪ್ಪಿದರೆ ಇನ್ನು ಜೀವನಪೂರ್ತಿ ಈ ಕಿಟಕಿಯೇ ಗತಿ ಎನ್ನಿಸಿತು.

ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಕೈಗಾಡಿ ಸಮೇತ ಕೊರಿಯರ್ ಆಫೀಸಿನ ಮುಂದೆ ನಿಂತಿದ್ದೆ. ಸ್ಪಾಸ್ಕಾ ಅಕ್ಕ ಒಪ್ಪಲಿಲ್ಲ. ವಾಪಸ್ ಎಂದು ಬರೆದ ಮೇಲೆ ಅದು ಕಳಿಸಿದವರದ್ದು.

"ಗಾಡಿ ಹೊರಟೋಯ್ತಾ ಅಕ್ಕ?"

"ಯಾವ ಗಾಡಿ? ಪಾರ್ಸೆಲ್ ಆ ಕಪಾಟಿಂದ ಅಲ್ಲಾಡೇ ಇಲ್ಲ. ಕಳಿಸಿದವಳು ಇದೇ ಊರಿನವಳು, ಇದೇ ಆಫೀಸಿಂದ ಕಳಿಸಿದ್ದು. ಮೇಲೆ ಅಂಟಿಸಿರೋ ಚೀಟಿ ಓದೋ ಅಭ್ಯಾಸ ಇಲ್ವಾ ನಿಂಗೆ? ಕೂತ್ಕೋ, ಹನ್ನೊಂದಕ್ಕೆ ಬರ್ತಾಳೆ."

ಕಳ್ಳ ಎಂದು ಬರೆದಿದ್ದೆ. ಮಾರಿದ್ದು ಹೆಂಗಸಿರಬಹುದು ಎಂದು ನಾನು ಅಂದುಕೊಂಡೇ ಇರಲಿಲ್ಲ. ಎರಡು ಗಂಟೆ ಕೂತೆ.

ಹನ್ನೊಂದಕ್ಕೆ ಹಸಿರು ಕೋಟಿನ ಹೆಂಗಸೊಬ್ಬಳು ಒಳಗೆ ಬಂದಳು. ನನ್ನದೇ ವಯಸ್ಸಿರಬಹುದು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತು. ಶರತ್ಕಾಲದಲ್ಲಿ ಮುಚ್ಚಿದ ಹೊಲಿಗೆ ಕಾರ್ಖಾನೆಯವಳು ಎಂದು ನೋಡಿದಕೂಡಲೇ ತಿಳಿಯಿತು. ಹೆಸರು ಸೆವ್ದಾ ಎಂದು ಸ್ಪಾಸ್ಕಾ ಅಕ್ಕ ಕೂಗಿದ್ದರಿಂದ ಗೊತ್ತಾಯಿತು.

ನಾನು ಎದ್ದು ನಿಂತೆ. "ಆ ಸಂದೇಶ ಬರೆದಿದ್ದು ನಾನೇ. ತಪ್ಪು ನಂದು. ವೈರು ತಪ್ಪು ಜಾಗಕ್ಕೆ ಹಾಕಿದ್ದೆ."

ಅವಳು ನನ್ನನ್ನೂ ಕೈಗಾಡಿಯನ್ನೂ ನೋಡಿದಳು. "ನೀವು ಲಿಫ್ಟಿನವರಲ್ವಾ?"

"ಹೌದು."

"ನಮ್ಮ ಲಿಫ್ಟು ಅಲ್ಲಾಡುತ್ತೆ ಅಂತ ಮೂರು ಸಲ ಫೋನ್ ಮಾಡಿದೀನಿ ನಿಮ್ಮ ಆಫೀಸಿಗೆ. ಕಳ್ಳಿ ಅಂತ ಬೈಯೋಕೆ ಮಾತ್ರ ಪುರುಸೊತ್ತು ಸಿಗುತ್ತೆ."

ಸ್ಪಾಸ್ಕಾ ಅಕ್ಕ ಜೋರಾಗಿ ನಕ್ಕಳು. ಸೆವ್ದಾ ನಗಲಿಲ್ಲ. ಪಾರ್ಸೆಲ್ ತಾನೇ ಬಿಚ್ಚಿ, ಕಾರ್ಡನ್ನು ಟಕ್ ಎಂದು ಕೂರಿಸಿ, ವೈರನ್ನು ಕೆಳಗಿನ ತೂತಿಗೆ ಹಾಕಿ ಗುಂಡಿ ಒತ್ತಿದಳು. ಪರದೆ ಬೆಳಗಿತು. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು.

"ಚೆನ್ನಾಗಿ ನೋಡ್ಕೊಳ್ಳಿ. ಮೂರು ತಿಂಗಳಿಗೊಂದ್ಸಲ ಧೂಳು ಹೊಡೀರಿ," ಎಂದಳು.

ನಾನು ದುಡ್ಡು ಕೊಟ್ಟೆ. ಅಷ್ಟಕ್ಕೇ ಬಿಡಬಹುದಿತ್ತು, ಆದರೆ ಕೇಳಿದೆ: "ನೀವೇ ಆಡ್ತಿದ್ರಾ?"

"ಆರು ವರ್ಷ. ಒಬ್ಬ ಜೆಕ್ ದೇಶದವನು, ಇಬ್ರು ಪೋಲೆಂಡಿನ ಹುಡುಗೀರು, ಕ್ರೋವೇಶಿಯಾದ ಒಬ್ಬ ಮೇಷ್ಟ್ರು, ನಾನು. ಒಬ್ಬೊಬ್ರೇ ಬಿಟ್ಬಿಟ್ರು. ಎರಡು ವರ್ಷದಿಂದ ಒಬ್ಳೇ ಕೂತು ಕಂಪ್ಯೂಟರ್ ಜೊತೇನೇ ಆಡ್ತಿದ್ದೆ." ಅವಳು ಹೇಳಿದ್ದು ನನ್ನ ಗೆಳೆಯರು ಆಡುವ ಅದೇ ಆಟ. "ಈ ಊರಲ್ಲಿ ಇನ್ನೊಬ್ರು ಆಡೋರಿದಾರೆ ಅಂತ ಗೊತ್ತೇ ಇರ್ಲಿಲ್ಲ ನೋಡಿ."

"ಎಲ್ಲಿರೋದು ನೀವು?"

"ಹದಿಮೂರನೇ ಕಟ್ಟಡ. ಎರಡನೇ ಬಾಗಿಲು, ಆರನೇ ಮಹಡಿ."

ನನ್ನ ಅಡುಗೆಮನೆಯ ಎದುರಿನ ಕಟ್ಟಡ ಅದು. ಅಲ್ಲಿನ ಲಿಫ್ಟೂ ನನಗೆ ಗೊತ್ತು. ಉಳಿದ ಗುಂಡಿಗಳ ಮೇಲೆ ಅಂಕಿ ಹೊಸದರಂತೆ ಕಾಣುತ್ತದೆ, ಆರರದ್ದು ಮಾತ್ರ ಒತ್ತಿ ಒತ್ತಿ ಪೂರ್ತಿ ಅಳಿಸಿಹೋಗಿದೆ. ಆರನೇ ಮಹಡಿಯ ಕಿಟಕಿಯಲ್ಲಿ ಸಂಜೆ ಹೊತ್ತು ನೀಲಿ ಬೆಳಕು ಆಡುತ್ತಿರುತ್ತದೆ. ಯಾರೋ ಮುದುಕಿ ಟಿವಿ ಹಾಕಿಕೊಂಡೇ ನಿದ್ದೆ ಹೋಗಿದ್ದಾಳೆ ಎಂದುಕೊಂಡು ವರ್ಷಗಟ್ಟಲೆ ಆ ಬೆಳಕು ನೋಡುತ್ತಾ ಊಟ ಮಾಡಿದ್ದೆ.

"ಇವತ್ತು ಆರು ಗಂಟೆಗೆ ನಾವು ಆಡ್ತೀವಿ," ಎಂದೆ. "ಇನ್ನೊಂದ್ ದಿನ ನೀವೂ ಬನ್ನಿ. ಇಬ್ರೇ ಆಡಿದ್ರೂ ಆಗುತ್ತೆ."

"ಯಾವುದ್ರಲ್ಲಿ ಆಡ್ಲಿ?" ಎಂದಳು. ಈಗ ಮಾತ್ರ ಸ್ವಲ್ಪ ನಕ್ಕಳು. "ಕಾರ್ಡ್ ನಿಮ್ಮತ್ರ ಇದೆಯಲ್ಲ."

ನಾನು ಕೂಡಲೇ ಕಾರ್ಡ್ ಕಿತ್ತು ಕೊಡಬೇಕಿತ್ತು. ಕೊಡಲಿಲ್ಲ. ಆರು ಗಂಟೆ ನನ್ನ ಕಣ್ಣ ಮುಂದಿತ್ತು.

"ಬಿಡಿ, ತಮಾಷೆ ಮಾಡಿದೆ. ಸೋಮವಾರ ಹತ್ತು ಗಂಟೆ ಬಸ್ಸಿಗೆ ಹೊರಟಿದೀನಿ. ಜರ್ಮನಿಯಲ್ಲಿ ಒಬ್ಬ ಮುದುಕೀನ ನೋಡ್ಕೊಳ್ಳೋ ಕೆಲಸ. ಅವ್ರ ಮನೆ ಕೋಣೆಯಲ್ಲಿ ಮಂಚ ಇಡೋಕಷ್ಟೇ ಜಾಗ." ಕೋಟಿನ ಗುಂಡಿ ಹಾಕಿಕೊಂಡಳು. "ಬರ್ತೀನಿ ಸ್ಪಾಸ್ಕಾ ಅಕ್ಕ."

ಸಂಜೆ ಆರಕ್ಕೆ ಐದನೇ ಹೆಸರಾಗಿ ನಾನು ಒಳಗೆ ಬಂದೆ. ನಾಲ್ವರೂ ಕಿರುಚಿದರು. ಲ್ಯುಬೆನ್ ಅತ್ತೇಬಿಟ್ಟ ಅನಿಸುತ್ತದೆ, ಕುಡಿದಿದ್ದ. ಸೇತುವೆ ಹತ್ತಿರದ ಬಾನಿತ್ಸಾ ತಿಂಡಿಯ ಅಂಗಡಿ ಇದೆಯಾ ಎಂದು ಕೇಳಿದರು, ಮುಚ್ಚಿದೆ ಎಂದೆ. ಸಿನಿಮಾ ಮಂದಿರ? ಮುಚ್ಚಿದೆ. ತನ್ನ ತಾಯಿಯ ಖಾಲಿ ಮನೆಯ ನಲ್ಲಿ ಹೆಪ್ಪುಗಟ್ಟಿದೆಯಾ ನೋಡು ಎಂದು ಯಾಸೆನ್ ಹೇಳಿದ. ಆಮೇಲೆ ಅವರು ಬಾಡಿಗೆ, ತೆರಿಗೆ, ಮಕ್ಕಳ ಶಾಲೆ ಎಂದು ತಮ್ಮ ತಮ್ಮಲ್ಲೇ ಮಾತಿಗಿಳಿದರು. ನನಗೆ ಸೇರಿಸಲು ಏನೂ ಸಿಗಲಿಲ್ಲ. ಎರಡು ಆಟ ಸೋತೆವು. ಏಳಕ್ಕೆ ಒಬ್ಬನ ಹೆಂಡತಿ ಊಟಕ್ಕೆ ಕರೆದಳು, ಇನ್ನೊಬ್ಬನಿಗೆ ಬೆಳಗ್ಗೆ ಪಾಳಿ. ಒಂದೊಂದೇ ಹೆಸರು ಆರಿತು. ಮುಂದಿನ ಶನಿವಾರ ಲಾರಿ ಎಲ್ಲಿರುತ್ತೋ ನೋಡೋಣ ಎಂದು ಹೇಳಿ ಯಾಸೆನ್ ಕೂಡ ಹೋದ.

ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ. ಎದುರುಗಡೆ ಆರನೇ ಮಹಡಿ ಕತ್ತಲಾಗಿತ್ತು. ಆ ಬೆಳಕು ಈಗ ನನ್ನ ಕೋಣೆಯಲ್ಲಿತ್ತು. ಇಷ್ಟು ವರ್ಷ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದ ಬೆಳಕನ್ನು ನಾನೇ ದುಡ್ಡು ಕೊಟ್ಟು ಆರಿಸಿದ್ದೆ. ಇಷ್ಟು ಒಂಟಿ ಎಂದು ಅಮ್ಮ ಹೋದ ದಿನವೂ ನನಗೆ ಅನಿಸಿರಲಿಲ್ಲ.

ಭಾನುವಾರ ಕೆಲಸದ ಚೀಲ ತೆಗೆದುಕೊಂಡು ಹದಿಮೂರನೇ ಕಟ್ಟಡಕ್ಕೆ ಹೋದೆ. ಹಳಿಯ ಮೇಲೆ ಜಾರುವ ಪಟ್ಟಿಗಳು ಸವೆದಿದ್ದವು, ನಾಲ್ಕನ್ನೂ ಬದಲಾಯಿಸಿದೆ. ನಾಲ್ಕು ಗಂಟೆಯ ಕೆಲಸ. ಅವಳ ಬಾಗಿಲು ತಟ್ಟಬೇಕೆಂದು ಆರನೇ ಮಹಡಿಯಲ್ಲಿ ಎರಡು ಸಲ ಇಳಿದೆ. ಒಳಗೆ ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು. ಎರಡು ಸಲವೂ ತಟ್ಟದೆ ಮತ್ತೆ ಮೇಲೆ ಹೋದೆ.

ಸೋಮವಾರ ಒಂಬತ್ತಕ್ಕೆ ಛಾವಣಿಯ ಮೋಟಾರ್ ಕೋಣೆಯಲ್ಲಿದ್ದೆ. ಎಣ್ಣೆ ಹಾಕಲು ಬಂದಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಒಂಬತ್ತೂಕಾಲಿಗೆ ಮೋಟಾರ್ ತಿರುಗಿತು, ಲಿಫ್ಟು ಆರನೇ ಮಹಡಿಗೆ ಬಂದು ನಿಂತಿತು. ಬಾಗಿಲು ತೆರೆಯಿತು, ಭಾರದ್ದೇನೋ ಒಳಗೆ ಬಂತು, ಬಾಗಿಲು ಮುಚ್ಚಿತು. ಹಗ್ಗಗಳು ನನ್ನ ಕಣ್ಣ ಮುಂದೆ ಸರಾಗವಾಗಿ ಇಳಿದವು. ಒಂದು ಸಲವೂ ಅಲ್ಲಾಡಲಿಲ್ಲ.

ಅವಳಿಗೆ ಅದು ಗೊತ್ತಾಗಿರಬೇಕು. ಯಾಕೆಂದರೆ ಕೆಳಗೆ ತಲುಪಿದ ಮೇಲೆ ಬಾಗಿಲು ಸ್ವಲ್ಪ ಹೊತ್ತು ತೆರೆದೇ ಇತ್ತು, ಯಾರೋ ಅಲ್ಲೇ ನಿಂತು ಮೇಲೆ ನೋಡಿದಷ್ಟು ಹೊತ್ತು. ನಾನು ಕೂಗಬಹುದಿತ್ತು. ಲಿಫ್ಟಿನ ಬಾವಿಯೊಳಗೆ ಕೂಗಿದರೆ ತಳದವರೆಗೆ ಕೇಳುತ್ತದೆ. ಬಾಗಿಲು ಮುಚ್ಚಿತು. ಹನ್ನೊಂದು ಗಂಟೆಯವರೆಗೆ ಮೋಟಾರಿನ ಪಕ್ಕದಲ್ಲೇ ಕೂತಿದ್ದೆ, ಆರನೇ ಮಹಡಿಗೆ ಲಿಫ್ಟನ್ನು ಯಾರೂ ಕರೆಯಲಿಲ್ಲ.