ಸೀನಿಗೆ ಬಿಟ್ಟ ಹೊತ್ತು

ಊದಿನಕಡ್ಡಿಯ ಹೊಗೆ ನೇರ ಮೂಗಿಗೆ ಬಡಿಯುತ್ತಿದ್ದರೂ ನಸ್ರೀನ್ ಕದಲಲಿಲ್ಲ. ಬಲಗೈ ಮೌಸಿನ ಮೇಲಿತ್ತು, ತೋರುಬೆರಳು ಒತ್ತುತ್ತಲೇ ಇತ್ತು. ಬೆನ್ನ ಹಿಂದೆ ಸಾವಕಾರ ಶೇಖಪ್ಪ ಕಡ್ಡಿ ಹಿಡಿದು ನಿಂತು, ಅಂಗಡಿಯ ಉದ್ದಕ್ಕೂ ಒಂದರ ಹಿಂದೊಂದು ಬೆಳಗುತ್ತಿದ್ದ ಪರದೆಗಳನ್ನು ನೋಡಿ ತಲೆದೂಗುತ್ತಿದ್ದರು. ಆ ಬೆರಳು ಬರೀ ಖಾಲಿ ಜಾಗವನ್ನು ಒತ್ತುತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

"ಕೈಗುಣಾ ಅಂದ್ರ ಇದು ನೋಡ್ರಿ," ಎಂದರು ಶೇಖಪ್ಪ, ಬಾಗಿಲಲ್ಲಿ ಚೀಲ ಇಳಿಸುತ್ತಿದ್ದ ಹಮಾಲರಿಗೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರ ಕಂಪ್ಯೂಟರ್ ಬಹಳ ದಿನ ಬಾಳುವುದಿಲ್ಲ. ಕೆಂಪು ಧೂಳು ಫ್ಯಾನಿನೊಳಗೆ ಹೊಕ್ಕು, ಮಷಿನ್ನು ಮನುಷ್ಯರಂತೆ ಕೆಮ್ಮಿ ಕೆಮ್ಮಿ ಒಂದು ದಿನ ಸುಮ್ಮನಾಗುತ್ತದೆ. ಹೀಗೆ ಸತ್ತವನ್ನೆಲ್ಲ ಗುಜರಿಗೆ ಹಾಕಿ ಸಾಕಾಗಿ ಶೇಖಪ್ಪ ಕ್ಲೌಡ್ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಹಿಡಿದರು. ಅಂಗಡಿಯಲ್ಲಿ ಪರದೆ, ಕೀಬೋರ್ಡು ಮಾತ್ರ; ಮಷಿನ್ನು ಎಲ್ಲೋ ದೂರದ ಕಂಪನಿಯ ತಂಪು ಕೋಣೆಯಲ್ಲಿ. ಓಡಿದ ತಾಸಿಗಷ್ಟೇ ಬಾಡಿಗೆ. ಹಾಗಾಗಿ ಮುಂಜಾನೆ ಎಲ್ಲವನ್ನೂ ಚಾಲೂ ಮಾಡಬೇಕು, ಸಂಜೆ ಎಲ್ಲವನ್ನೂ ಬಂದ್ ಮಾಡಬೇಕು. ಕಂಪನಿಯವರು ಕೊಟ್ಟ ಪುಟದಲ್ಲಿ ಒಂದೊಂದು ಮಷಿನ್ನಿನ ಹೆಸರು ಹುಡುಕಿ ಒತ್ತಬೇಕು, ಖಾತ್ರಿಯೇ ಎಂದು ಅದು ಕೇಳಿದಾಗ ಮತ್ತೆ ಒತ್ತಬೇಕು, ಅದು ಗರಗರ ತಿರುಗುವುದನ್ನು ಕಾಯಬೇಕು. ಬ್ಯಾಡಗಿ ಅಂಗಡಿ ಮುಗಿದರೆ ಕೋಲ್ಡ್ ಸ್ಟೋರೇಜಿನವು, ಆಮೇಲೆ ರಾಣೇಬೆನ್ನೂರಿನವು, ಹಾವೇರಿಯವು.

ಮೊದಲು ಆ ಕೆಲಸ ಶೇಖಪ್ಪನವರ ತಂಗಿಯ ಮಗ ಚೇತನಕುಮಾರನದು. ಅವನು ಒತ್ತಿದ ಮೊದಲ ದಿನವೇ ಒಣಗಿಸಲು ಹಾಕಿದ್ದ ಮಾಲು ಅಕಾಲದ ಮಳೆಗೆ ತೊಯ್ದು ತೊಪ್ಪೆಯಾಯಿತು. ಮರುದಿನ ಹೊಸದಾಗಿ ಸೇರಿದ್ದ ನಸ್ರೀನ್ ಒತ್ತಿದಳು. ಯಾರಿಗೂ ದಕ್ಕದ ಡಬ್ಬಿ ತಳಿಯ ಮೆಣಸಿನಕಾಯಿ ಟೆಂಡರಿನಲ್ಲಿ ಶೇಖಪ್ಪನವರಿಗೆ ಬಿತ್ತು. ಅಷ್ಟೇ, ತೀರ್ಮಾನವಾಗಿಹೋಯಿತು. ಅಂದಿನಿಂದ ಮುಂಜಾನೆ ಆ ಪುಟವನ್ನು ನಸ್ರೀನಳ ಬಲಗೈ ಬಿಟ್ಟು ಬೇರೆ ಕೈ ಮುಟ್ಟುವ ಹಾಗಿರಲಿಲ್ಲ.

ಒಂದು ವರ್ಷ ಹಾಗೇ ಒತ್ತಿದಳು, ಪಾಪ. ಬೆರಳಿನ ಗೆಣ್ಣು ನೋಯತೊಡಗಿದಾಗ, ಪುಟ ತೆರೆಯದೆಯೇ ಕಂಪನಿಯ ಸರ್ವರಿಗೆ ನೇರವಾಗಿ ಹುಕುಂ ಕಳಿಸುವ ದಾರಿಯೊಂದು ಇದೆಯೆಂದು ಎಲ್ಲೋ ಓದಿದಳು. ಎಪಿಐ ಎಂದು ಅದರ ಹೆಸರು. ಒಬ್ಬೊಬ್ಬ ಹಮಾಲನ ಹೆಗಲು ತಟ್ಟಿ ಎಬ್ಬಿಸುವ ಬದಲು ಅವರ ಮುಖಂಡ ಮುಕಾದಮನಿಗೆ ಒಂದು ಮಾತು ಹೇಳಿದಂತೆ. ದೀಪಾವಳಿಯ ರಜೆಯಲ್ಲಿ ಕುಳಿತು ಪ್ರೋಗ್ರಾಮ್ ಬರೆದಳು. ಕಂಪನಿಯ ಸರ್ವರಿನಲ್ಲೇ ಕೂತ ಅದು ಮುಂಜಾನೆ ಎಂಟು ಗಂಟೆಗೆ ತಾನೇ ಎದ್ದು ಎಲ್ಲ ಮಷಿನ್ನುಗಳನ್ನೂ ಎಬ್ಬಿಸುತ್ತಿತ್ತು, ಸಂಜೆ ಮಲಗಿಸುತ್ತಿತ್ತು, ಮಾರ್ಕೆಟ್ ರಜೆ ಇದ್ದರೆ ತಾನೂ ರಜೆ ಮಾಡುತ್ತಿತ್ತು.

ಆದರೆ ಎಲ್ಲವೂ ಒಮ್ಮೆಲೇ ಎದ್ದುಬಿಟ್ಟರೆ ಸಾವಕಾರರಿಗೆ ತಿಳಿದುಹೋಗುತ್ತದಲ್ಲ. ಅದಕ್ಕೇ ನಡುನಡುವೆ ಅವಳ ಕೈಗೆ ಹಿಡಿಯುತ್ತಿದ್ದಷ್ಟೇ ಬಿಡುವು ಇಟ್ಟಳು. ಒಂದು ಕಡೆ ತುಸು ಉದ್ದನೆಯ ಬಿಡುವನ್ನೂ ಸೇರಿಸಿದಳು, ಸೀನಿಗಾಗಿ. ಬ್ಯಾಡಗಿಯಲ್ಲಿ ಮುಂಜಾನೆ ಸೀನದೆ ಯಾವ ಕೆಲಸವೂ ಆಗುವುದಿಲ್ಲ. ಈ ಊರಲ್ಲಿ ಸೀನನ್ನು ಅಪಶಕುನವೆಂದು ಹಿಡಿದರೆ ಯಾರೂ ಮನೆ ಬಿಟ್ಟು ಹೊರಡುವಂತಿಲ್ಲ.

ಹೀಗೆ ದೀಪಾವಳಿಯಿಂದ ಸುಗಮವಾಗಿ ಸಾಗಿದ್ದ ಕಳ್ಳಾಟಕ್ಕೆ ಅಡ್ಡ ಬಂದದ್ದು ತಂಗಿ ಸುಮಯ್ಯಾಳ ಮದುವೆ.

"ಸಾವಕಾರ್ರ, ಬರೋ ಗುರುವಾರ ರಜಾ ಬೇಕಾಗಿತ್ರಿ. ತಂಗಿ ನಿಕಾಹ್ ಐತಿ, ರಾಣೇಬೆನ್ನೂರಾಗ."

ಶೇಖಪ್ಪನವರ ಕೈಯ ಊದಿನಕಡ್ಡಿ ನಿಂತಲ್ಲೇ ನಿಂತಿತು. "ಗುರುವಾರ ಮಾರ್ಕೆಟ್ ಐತಿ, ಯವ್ವಾ. ಅದೂ ಸೀಜನ್ನಿನ ಮಾರ್ಕೆಟ್. ನಿನ್ನ ಕೈ ಇಲ್ಲದ ಮಷಿನ್ ಹೆಂಗ ಚಾಲೂ ಮಾಡೂದು?"

"ಮಾವಾ, ನಾ ಮಾಡತೇನಿ," ಎಂದ ಚೇತನಕುಮಾರ.

"ನೀ ಬಾಯಿ ಮುಚ್ಚು. ಒಮ್ಮೆ ಮಾಡಿದ್ದು ಸಾಕು."

ನಿಜ ಹೇಳಿದರೆ ರಜೆ ಆ ಕ್ಷಣಕ್ಕೇ ಸಿಗುತ್ತಿತ್ತು. ಆದರೆ ತಾನಾಗಿ ಏಳುವ ಮಷಿನ್ನಿಗೆ ನಸ್ರೀನ್ ಏಕೆ ಬೇಕು? ಊರಲ್ಲೇ ಇದ್ದ ಒಂದು ಕೆಲಸ ಹೋದರೆ ಹುಬ್ಬಳ್ಳಿಗೆ ಹೋಗಬೇಕು, ಅಮ್ಮಿ ಹುಬ್ಬಳ್ಳಿಗೆ ಕಳಿಸುವುದಿಲ್ಲ; ಅಲ್ಲಿಗೆ ಮುಗಿಯಿತು. ನಿಜ ಹೇಳದಿದ್ದರೆ ಒಬ್ಬಳೇ ತಂಗಿಯ ಮದುವೆ ತಪ್ಪುತ್ತದೆ. ಅವಳಿಗೆ ಅಳು ಬರುವಂತಾಯಿತು, ತನ್ನ ಜಾಣತನದ ಮೇಲೇ ಸಿಟ್ಟೂ ಬಂತು.

"ಅಲ್ಲಿಂದನ ಫೋನಿನಾಗ ಒತ್ತತೇನ್ರಿ," ಎಂದಳು ಕೊನೆಗೆ.

ಶೇಖಪ್ಪ ಮತ್ತೆ ಊದಿನಕಡ್ಡಿ ಆಡಿಸಿದರು. "ಆತು. ಆದ್ರ ವಿಡಿಯೋ ಕಾಲ್ ಮಾಡಬೇಕು. ನಿನ್ನ ಕೈ ನನಗ ಕಾಣಬೇಕು."

ಗುರುವಾರ ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ರಾಣೇಬೆನ್ನೂರಿನ ಶಾದಿ ಮಹಲಿನ ಮೂಲೆಯಲ್ಲಿ ನಸ್ರೀನ್ ಎಡಗೈಲಿ ತನ್ನ ಫೋನು ಹಿಡಿದು, ಒತ್ತಿದಂತೆ ತೋರಿಸಲು ಸುಮಯ್ಯಾಳ ಫೋನನ್ನು ಮೊಣಕಾಲ ಮೇಲಿಟ್ಟುಕೊಂಡು ಸಿದ್ಧಳಾಗಿದ್ದಳು. ಎಂಟಕ್ಕೆ ಪ್ರೋಗ್ರಾಮ್ ಏಳುತ್ತದೆ, ಅದರ ಜೊತೆಜೊತೆಗೆ ಬೆರಳಾಡಿಸಿದರಾಯಿತು. ವಿಡಿಯೋದಲ್ಲಿ ಶೇಖಪ್ಪನವರ ಮೂಗು ಕಾಣಿಸಿತು, ಆಮೇಲೆ ಅಂಗಡಿ ಕಾಣಿಸಿತು.

"ತಡಿ, ತಡಿ. ಕಾಯಿ ಒಡೀತೇನಿ, ಆಮ್ಯಾಲ ಒತ್ತುವಂತಿ."

ಅಷ್ಟರಲ್ಲಿ ಬಳೆ ಇಡಿಸುವ ಕರೆವ್ವನನ್ನು ಕರೆದುಕೊಂಡು ಅಮ್ಮಿ ಜೈತೂನಬಿ ಬಂದೇಬಿಟ್ಟಳು. "ಮದಲಗಿತ್ತಿ ಅಕ್ಕನ ಕೈ ಬರಿದು! ನಾಲ್ಕು ಮಂದಿ ಏನಂದಾರು? ಕರೆವ್ವಾ, ಹಿಡಿ ಈಕಿ ಕೈ."

"ಅಮ್ಮಿ, ಆಫೀಸಿನ ಕೆಲಸ ಐತಿ, ಆಮ್ಯಾಲ..."

"ಮದುವಿ ದಿನಾ ಎಂಥಾ ಆಫೀಸು?"

ಕರೆವ್ವ ಕೈ ಹಿಡಿದರೆ ಬಿಡುವವಳಲ್ಲ. ನಸ್ರೀನಳ ಬಲಗೈಯನ್ನು ತನ್ನ ಎರಡೂ ಅಂಗೈಯಲ್ಲಿ ಹಿಚುಕಿ, ಐದು ಬೆರಳನ್ನೂ ಒಟ್ಟುಗೂಡಿಸಿ, ಹಸಿರು ಬಳೆ ಏರಿಸತೊಡಗಿದಳು. ಎಡಗೈಯ ಫೋನಿನಲ್ಲಿ ಅದೆಲ್ಲ ಚೊಕ್ಕವಾಗಿ ಕಾಣುತ್ತಿತ್ತು. ಗಡಿಯಾರ ಎಂಟು ಹೊಡೆಯಿತು.

ಬ್ಯಾಡಗಿಯ ಅಂಗಡಿಯಲ್ಲಿ ಮೊದಲನೆಯ ಪರದೆ ಬೆಳಗಿತು. ಎರಡನೆಯದು ಬೆಳಗಿತು. ಶೇಖಪ್ಪ ಒಡೆಯದ ಕಾಯಿಯನ್ನು ಕೈಯಲ್ಲೇ ಹಿಡಿದು, ಒಮ್ಮೆ ಫೋನನ್ನು, ಒಮ್ಮೆ ಪರದೆಗಳನ್ನು ನೋಡಿದರು.

"ನಸ್ರೀನಾ," ಎಂದರು ನಿಧಾನವಾಗಿ, "ನಿನ್ನ ಕೈ ಬಳಿಗಾರ್ತಿ ಹತ್ರ ಐತಿ. ಇಲ್ಲಿ ಯಾರು ಒತ್ತಾಕತ್ತಾರ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಯಾರೂ ಇಲ್ರಿ. ಪ್ರೋಗ್ರಾಮ್ ಬರದೇನ್ರಿ. ತಾನಾ ಚಾಲೂ ಆಗತಾವು. ದೀಪಾವಳಿಯಿಂದ ಹಂಗ ನಡದೈತ್ರಿ."

"ದೀಪಾವಳಿಯಿಂದ?"

"ಹೌದ್ರಿ."

ಹಿಂದಿನಿಂದ ಚೇತನಕುಮಾರನ ದನಿ ಸ್ಪಷ್ಟವಾಗಿ ಕೇಳಿಸಿತು: "ತಾನಾ ಆಗತಾವಂದ್ರ ಮಾವಾ, ಇನ್ನ ಅಕಿ ಯಾಕ ಬೇಕು?" ಅಲ್ಲಿಗೆ ಫೋನು ಕಟ್ಟಾಯಿತು. ಆಮೇಲೆ ನಸ್ರೀನ್ ಎಷ್ಟು ಸಲ ಮಾಡಿದರೂ ಸಾವಕಾರರು ಎತ್ತಲಿಲ್ಲ.

ನಿಕಾಹ್ ಆಯಿತು. ಸುಮಯ್ಯಾ ಒಪ್ಪಿಗೆ ಹೇಳುವಾಗ ನಸ್ರೀನ್ ಬಿಕ್ಕಿ ಬಿಕ್ಕಿ ಅತ್ತಳು. ತಂಗಿಯ ಮೇಲೆ ಎಷ್ಟು ಜೀವ ನೋಡು ಎಂದು ಬೀಗರ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಅರ್ಧದಷ್ಟು ಅಳು ಖಂಡಿತ ತಂಗಿಗಾಗಿಯೇ ಇತ್ತು.

ಮದುವೆಯ ಓಡಾಟವೆಲ್ಲ ಮುಗಿಸಿ ಸೋಮವಾರ ಅವಳು ಅಂಗಡಿಗೆ ಬಂದಾಗ ಅವಳ ಕುರ್ಚಿಯ ಮೇಲೆ ಚೇತನಕುಮಾರ ಕುಳಿತಿದ್ದ. ಆಯಿತು ನನ್ನ ಕಥೆ ಎಂದುಕೊಂಡು ಹೊಸ್ತಿಲಲ್ಲೇ ನಿಂತಳು.

"ಏಳೋ," ಎಂದರು ಶೇಖಪ್ಪ ಅಳಿಯನಿಗೆ. "ಅಕಿ ಬಂದ್ಳು. ಬಾ ಯವ್ವಾ, ಕುಂದ್ರು. ಒಂದು ಮಾತು ಕೇಳಬೇಕು. ಆ ಪ್ರೋಗ್ರಾಮ್ ನೀನ ಬರದದ್ದು ಹೌದಲ್ಲ? ಯಾರ ಕಡೆಯಿಂದರ ಬರಿಸಿದ್ದಲ್ಲ?"

"ನಾನ ಬರದೇನ್ರಿ."

"ಯಾವ ಕೈಲೆ?"

"ಎರಡೂ ಕೈಲೆ ರಿ. ಟೈಪ್ ಮಾಡಬೇಕಲ್ರಿ."

ಶೇಖಪ್ಪ ಅಳಿಯನ ಕಡೆ ತಿರುಗಿದರು. "ಕೇಳಿದ್ಯಾ? ನಾ ಹೇಳಿಲ್ಲೇನು? ನಿಮ್ಮ ಅತ್ತಿ ಪ್ರೇಮವ್ವ ಮನ್ಯಾಗ ರೊಟ್ಟಿ ಬಡದು ಬುತ್ತಿ ಕಟ್ಟತಾಳ. ನಾ ಅಲ್ಲಿ ಕೋಲ್ಡ್ ಸ್ಟೋರೇಜಿನಾಗ ಕುಂತು ಉಣ್ಣತೇನಿ. ಅಕಿ ಕೈರುಚಿ ಏನು ಮನ್ಯಾಗ ಉಳಿದಿರತೈತಿ? ಬುತ್ತಿ ಜೋಡಿನ ಬರತೈತಿ. ಕೈಗುಣಾನೂ ಹಂಗ. ಮೊದಲು ಒಂದು ಕೈಲೆ ಒತ್ತುತಿದ್ಳು, ಈಗ ಎರಡೂ ಕೈಲೆ ಬರದಾಳ. ಅದಕ್ಕ ಈ ಸಲದ ಸೀಜನ್ ಹೋದ ವರ್ಷಕ್ಕಿಂತ ಚಲೋ ಐತಿ." ಆಮೇಲೆ ನಸ್ರೀನಳತ್ತ ತಿರುಗಿ ದನಿ ತಗ್ಗಿಸಿದರು. "ಗುರುವಾರ ಫೋನ್ ಯಾಕ ಎತ್ತಲಿಲ್ಲಂದ್ರ, ನನಗ ಸಿಟ್ಟು ಬಂದಿತ್ತು. ದಿನಾ ನನ್ನ ಮುಂದ ಕುಂತು ನಾಟಕ ಮಾಡಿದ್ಯಲ್ಲ, ಅದಕ್ಕ. ಕೆಲಸದಿಂದ ತಗಿಯೂ ಸಿಟ್ಟಲ್ಲ ಅದು."

"ತಪ್ಪಾತ್ರಿ," ಎಂದಳು ನಸ್ರೀನ್. ಆಗಲೇ ಅವಳ ಕಣ್ಣು ಗೋಡೆಗೆ ಹೋದದ್ದು. ಲಕ್ಷ್ಮಿಯ ಪಟ ಮತ್ತು ಕದರಮಂಡಲಗಿ ಹಣಮಪ್ಪನ ಪಟದ ನಡುವೆ ಹೊಸ ಚೌಕಟ್ಟೊಂದು ನೇತಾಡುತ್ತಿತ್ತು, ಚೆಂಡುಹೂವಿನ ಮಾಲೆ ಸಮೇತ. ಗಾಜಿನೊಳಗೆ ಅವಳ ಪ್ರೋಗ್ರಾಮಿನ ಅಚ್ಚು, ಅವಳು ಉಳಿಸಿಟ್ಟಿದ್ದನ್ನು ಹುಡುಕಿ ಚೇತನಕುಮಾರ ತೆಗೆದುಕೊಟ್ಟದ್ದು.

ಎಲ್ಲ ಮಷಿನ್ನುಗಳ ಬಾಗಿಲು ತೆರೆಯುವ ರಹಸ್ಯ ಅಕ್ಷರಗಳ ಸಾಲು ಅದರಲ್ಲಿತ್ತು. ಊರ ದಲಾಲರೆಲ್ಲ ಬಂದು ಕೂರುವ ಅಂಗಡಿ ಇದು. ಓಡಿಹೋಗಿ ನೋಡಿದಳು. ಸರಿಯಾಗಿ ಆ ಸಾಲಿನ ಮೇಲೆ, ಗಾಜು ಹಾಕುವ ಮೊದಲೇ, ಶೇಖಪ್ಪ ಅಡ್ಡಡ್ಡ ಮೂರು ಬೆರಳು ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟಿದ್ದರು. ಒಂದಕ್ಷರವೂ ಕಾಣುತ್ತಿರಲಿಲ್ಲ.

"ಅಲ್ಲೇ ಯಾಕ ಹಚ್ಚಿದ್ರಿ?"

"ಉದ್ದಂದು ಇತ್ತಲ್ಲ, ಹಣಿ ಕಂಡಂಗ ಕಾಣತು."

ಇಂದೇ ಅದನ್ನು ಬದಲಾಯಿಸಬೇಕು ಎಂದುಕೊಂಡು ನಸ್ರೀನ್ ಕುರ್ಚಿಗೆ ಬಂದು ಕುಳಿತಳು. ಎಂಟಾಯಿತು. ಶೇಖಪ್ಪ ಊದಿನಕಡ್ಡಿ ಹಚ್ಚಿ ಈ ಸಲ ಚೌಕಟ್ಟಿನ ಮುಂದೆ ನಿಂತರು. ಪರದೆಗಳು ಒಂದರ ಹಿಂದೊಂದು ಬೆಳಗಿದವು. ನಸ್ರೀನಳ ಎರಡೂ ಕೈ ಮಡಿಲಲ್ಲಿದ್ದವು. ಪರದೆಗಳು ಅರ್ಧಕ್ಕೆ ಬಂದು ನಿಂತುಬಿಟ್ಟವು.

"ಯಾಕ ನಿಂತತು?"

"ಅದು ಸೀನಿಗಂತ ಬಿಟ್ಟದ್ರಿ. ಕೈಲೆ ಒತ್ತುವಾಗ ನಾ ಅಲ್ಲಿ ಸೀನತಿದ್ದೆ ಅಲ್ರಿ, ನಿಮಗ ಗೊತ್ತಾಗಬಾರದಂತ ಅದನ್ನೂ ಇಟ್ಟಿದ್ದೆ. ಈಗ ತಗದು ಹಾಕತೇನ್ರಿ."

ಶೇಖಪ್ಪ ಊದಿನಕಡ್ಡಿಯನ್ನು ಚೌಕಟ್ಟಿನ ಮೂಲೆಗೆ ಸಿಕ್ಕಿಸಿದರು. "ಬ್ಯಾಡ, ಇರಲಿ ಬಿಡು," ಎಂದರು.

ಹೊರಗೆ ಹಮಾಲರು ಚೀಲವೊಂದನ್ನು ದೊಪ್ಪನೆ ಇಳಿಸಿದರು. ಕೆಂಪು ಧೂಳು ಬಿಸಿಲಲ್ಲಿ ತೇಲುತ್ತ ಒಳಗೆ ಬಂತು. ನಸ್ರೀನ್ ಹಸಿರು ಬಳೆಯ ಕೈಯನ್ನು ಮೂಗಿಗೆ ಅಡ್ಡ ಹಿಡಿದು ಜೋರಾಗಿ ಸೀನಿದಳು. ಮುಂದಿನ ಪರದೆ ಬೆಳಗಿತು.