ಸೋಮಾರಿಯ ಹೆಂಡತಿ

ಕೊಡಲಿ ಮತ್ತೆ ಮೇಲೆದ್ದಿತು. ಕಡಿದುರುಳಿಸಿದ ಮಾವಿನ ಮರವನ್ನು ಚನಿಯಪ್ಪ ಒಬ್ಬನೇ ಸೀಳುತ್ತಿದ್ದ. ಚಾವಡಿಯಲ್ಲಿ ಅವನ ಹೆಂಡತಿ ಸರಸಳ ತಲೆಯ ಬಳಿ ದೀಪ ಉರಿಯುತ್ತಿತ್ತು. ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ.

"ಭಾವ, ಕೊಡಲಿ ಇಲ್ಲಿ ಕೊಡಿ. ಹೆಂಡತಿಯ ಚಿತೆಗೆ ಸೌದೆ ಗಂಡ ಒಡೆಯುವುದುಂಟಾ?" ಎಂದ ಸರಸಳ ಅಣ್ಣ ಸುಧಾಕರ.

"ನಾನೇ ಒಡೀತೇನೆ."

"ಹಟ ಮಾಡ್ಬೇಡಿ ಮಾರಾಯ್ರೇ. ಮಡಂತ್ಯಾರಿನಿಂದ ಆಳು ಕರೆಸುವ."

"ಬೇಡ. ಈ ಕೈಗೆ ಬಲ ಬಂದದ್ದೇ ಅವಳಿಂದ."

ಸುಧಾಕರ ಸೀಳಿದ ಸೌದೆಯನ್ನು ಹೆಕ್ಕಿ ಒಟ್ಟತೊಡಗಿದ.

*

ಎಪ್ಪತ್ತೆರಡನೇ ಇಸವಿಯಲ್ಲಿ, ಮದುವೆಯ ಹೊಸತರಲ್ಲಿ, ಇದೇ ಚನಿಯಪ್ಪ ಒಂದು ಕೊಡಪಾನ ನೀರು ತಂದರೆ ಜಗಲಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಮುಖ ಬಾಳೆದಿಂಡಿನಂತೆ ಬಿಳುಚಿತ್ತು. ಯಾರೂ ಕಾಣದಂತೆ ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದ. ಊರು ಅವನನ್ನು ಸೋಮಾರಿ ಎಂದಿತು. ಅವನೂ ಅದನ್ನೇ ನಂಬಿದ್ದ.

ಸುಧಾಕರ ತಂಗಿಯನ್ನು ಕರೆದೊಯ್ಯಲು ಬಂದ. "ಹೊರಡು. ಈ ಸೋಮಾರಿಯ ಜೊತೆ ಎಂಥ ಬದುಕು?"

"ಸೋಮಾರಿಗೆ ಒಳ್ಳೆ ನಿದ್ದೆ ಬರ್ತದೆ ಅಣ್ಣ. ಇವರು ಮಲಗಿದಲ್ಲೂ ಏದುಸಿರು ಬಿಡ್ತಾರೆ. ಇದು ಕಾಯಿಲೆ. ನಾನು ಬರುವುದಿಲ್ಲ."

ಮರುದಿನವೇ ಗಂಡನನ್ನು ಬೆಳ್ತಂಗಡಿಯ ಬಸ್ಸು ಹತ್ತಿಸಿದಳು. ಡಾಕ್ಟರು ಅವನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಮಲಪರೀಕ್ಷೆ ಮಾಡಿಸಿದರು.

"ಕೊಕ್ಕೆಹುಳು. ಮಣ್ಣಿನಿಂದ ಬರಿಗಾಲಿಗೆ ಹೊಕ್ಕು, ಕರುಳಿಗೆ ಕಚ್ಚಿ ರಕ್ತ ಹೀರ್ತದೆ. ಹೃದಯವೂ ಸೋತಿದೆ. ಇನ್ನೂ ತಡ ಮಾಡಿದ್ದರೆ ಕಷ್ಟ ಇತ್ತು."

"ಗುಣ ಆಗ್ತದಾ ಡಾಕ್ಟ್ರೇ?" ಎಂದು ಸರಸ ಕೇಳಿದಳು.

"ಖಂಡಿತ ಆಗ್ತದೆ. ಆದರೆ ಬಯಲಿಗೆ ಹೋಗುವುದು ನಿಲ್ಲಿಸದಿದ್ದರೆ ಪುನಃ ಬರ್ತದೆ."

ಹೊರಗೆ ಬಂದ ಚನಿಯಪ್ಪ ಮರದಡಿ ಕೂತು ಅತ್ತುಬಿಟ್ಟ. "ಹಾಗಾದ್ರೆ ನಾನು ಸೋಮಾರಿ ಅಲ್ವಾ ಸರಸ?"

"ಯಾವಾಗ ಆಗಿದ್ರಿ?" ಎಂದಳು.

ಹುಳದ ಮದ್ದು ಬೇಗ ಮುಗಿಯಿತು. ರಕ್ತಕ್ಕೆಂದು ಕೊಟ್ಟ ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ಮುಗಿಯಲಿಲ್ಲ. ಹೊಟ್ಟೆ ತೊಳಸುತ್ತದೆಂದು ಅವನು ಬಿಸಾಡಿದರೆ ಅವಳು ಹೆಕ್ಕಿ ತಂದು, ನುಂಗುವವರೆಗೆ ಎದುರಲ್ಲೇ ಕೂರುತ್ತಿದ್ದಳು. ಅಗೆಯುವ ತ್ರಾಣ ಅವನಿಗಿಲ್ಲವೆಂದು ಪಾಯಿಖಾನೆಯ ಗುಂಡಿಯನ್ನು ತಾನೇ ತೋಡಿದಳು. ಮುರಕಲ್ಲಿನ ಗಟ್ಟಿ ನೆಲ, ಅಂಗೈ ಒಡೆದು ರಕ್ತ ಬಂತು. "ಸೋಮಾರಿಯ ಹೆಂಡತಿ ಬಾವಿ ತೋಡ್ತಾಳೆ" ಎಂದು ನಕ್ಕವರಿಗೆ, "ನೀವೂ ಒಂದು ತೋಡಿ, ಮಕ್ಕಳ ಹೊಟ್ಟೆ ಉಳೀತದೆ" ಎಂದಳು.

ಬೇಸಿಗೆಯ ಹೊತ್ತಿಗೆ ಚನಿಯಪ್ಪನ ಉಗುರುಗಳಡಿ ಕೆಂಪು ಮೂಡಿತು. ಆಮೇಲೆ ಊರಿನ ಎಷ್ಟೋ ಮನೆಗಳಿಗೆ ಅವನೇ ಗುಂಡಿ ತೋಡಿದ. ಜಾಗ ತೋರಿಸುತ್ತಿದ್ದವಳು ಸರಸ.

*

ಹೆಣಕ್ಕೆ ನೀರು ಹಾಕುವಾಗ ನೆರೆಮನೆಯ ಕಾಂತಿ ಬಿಕ್ಕಿದಳು. "ನನ್ನ ಸಣ್ಣ ಮಗಳು ಬದುಕಿದ್ದು ಇವಳಿಂದ. ಹೊಟ್ಟೆ ಉಬ್ಬಿ, ವಾಂತಿಯಲ್ಲಿ ಹುಳ ಬಂದಾಗ, 'ಮಂತ್ರಿಸಿದ ನೂಲು ಕಟ್ಟಿಸಿದ್ದು ಸಾಕು, ಕರುಳು ಕಟ್ಟಿದೆ, ಆಸ್ಪತ್ರೆಗೆ ನಡಿ' ಅಂತ ಬೈದು ಎಬ್ಬಿಸಿದಳು."

ಚಟ್ಟ ಎತ್ತುವಾಗ ಚನಿಯಪ್ಪ ತಲೆಯ ಕಡೆಗೆ ಹೆಗಲು ಕೊಟ್ಟ. ಸುಡುಗಾಡಿಗೆ ಹೋಗುವ ಗುಡ್ಡೆಯ ದಾರಿ ಕಡಿದಾಗಿತ್ತು. ಅರ್ಧದಲ್ಲಿ ಹುಡುಗರು ದಣಿದು ಹೆಗಲು ಬದಲಿಸಿದರು. "ನೀವೂ ಬಿಡಿ" ಎಂದರು. ಅವನು ಬಿಡಲಿಲ್ಲ.

ಸುಧಾಕರ ಮುಂದೆ ಬಂದು ಅವನ ಪಕ್ಕದಲ್ಲಿ ಹೆಗಲು ಕೊಟ್ಟ. ಭಾವಂದಿರಿಬ್ಬರೂ ಹೆಜ್ಜೆ ಸರಿಮಾಡಿಕೊಂಡರು. ಯಾವ ಬದಿಗೂ ವಾಲದೆ ಸರಸ ಗುಡ್ಡೆ ಹತ್ತಿದಳು.